ಇಷ್ಟದ ಲೇಖಕರ ಹೊಸ ಕಾದಂಬರಿ ಹಿಡಿಸುತ್ತಿಲ್ಲ, ಏನ್ ಮಾಡೋದು?

ಮುಂಬೈ ಪಕ್ಕದ ಡೊಂಬಿವಲಿಯಿಂದ ಪ್ರಶ್ನೆ:
ಇಪ್ಪತ್ತು ವರ್ಷದಿಂದ ಒಬ್ಬ ಲೇಖಕರನ್ನು ಬಿಡದೆ ಓದಿದ್ದೇನೆ. ಆರು ವರ್ಷ ಕಾಯಿಸಿ ಹೊಸ ಕಾದಂಬರಿ ತಂದರು. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಬರುತ್ತಿದ್ದ ಭಾವನ ಕೈಲಿ ಬೆಂಗಳೂರಿಂದ ತರಿಸಿಕೊಂಡೆ. 130ನೇ ಪುಟಕ್ಕೆ ಬಂದು ನಿಂತಿದ್ದೇನೆ. ಮುಂದೆ ಓದಲೋ, ಬಿಡಲೋ? ಮುಂದಿನ ತಿಂಗಳು ಮಾಟುಂಗಕ್ಕೆ ಅವರೇ ಬರ್ತಾರಂತೆ. ಎದುರು ಸಿಕ್ಕರೆ ಏನು ಹೇಳಲಿ?

ಮುಲುಂಡ್:
ನನಗೂ ಹೀಗೇ ಆಗಿತ್ತು, ಲೇಖಕರು ಬೇರೆ. ನಾನು ಪುಟದ ಗುರುತಿಗೆ ಲೋಕಲ್ ಟ್ರೇನಿನ ಪಾಸನ್ನೇ ಇಡೋದು. ಬೇರೆ ಪುಸ್ತಕವಾದರೆ ಬೈಕುಲಾ ಬರುವಷ್ಟರಲ್ಲಿ ಇಪ್ಪತ್ತು ಪುಟ ಆಗಿರುತ್ತೆ. ಆ ವಾರ ಪೂರ್ತಿ ಪಾಸು 64ರಿಂದ 71ಕ್ಕೆ ಸರಿದಿತ್ತು, ಅಷ್ಟೆ. ಕಿಟಕಿ ಸೀಟು ಸಿಕ್ಕ ದಿನವೂ ಕುರ್ಲಾ ಹೊತ್ತಿಗೆ ಪುಸ್ತಕ ಮುಚ್ಚಿ ಹೊರಗೆ ನೋಡುತ್ತಿದ್ದೆ. ತಪ್ಪು ನನ್ನದೇ ಅಂದುಕೊಂಡೆ. ಆಫೀಸಿನ ಸುಸ್ತು, ವಯಸ್ಸು, ಮೊಬೈಲು.

ಆಮೇಲೆ ಪರೀಕ್ಷೆ ಮಾಡೋಣ ಅಂತ ಅವರದೇ ಹಳೇ ಕಾದಂಬರಿ ತೆಗೆದೆ. ಅದರಲ್ಲೊಬ್ಬ ಅಜ್ಜಿ. ಮಗನ ಕಾಗದ ಬಂದರೆ ಒಡೆಯದೆ ಅಕ್ಕಿ ಡಬ್ಬಿಯೊಳಗೆ ತೂರಿಸಿ ಒಲೆ ಮುಂದೆ ಹೋಗಿ ಕೂರುತ್ತಾಳೆ. ಒಂದೇ ಸಾಲು. ಹೊಸದರಲ್ಲೂ ಒಬ್ಬ ಅಜ್ಜಿ ಇದ್ದಾಳೆ. ಅವಳಿಗೆ ಬೇಜಾರಾದರೆ ಯಾಕೆ ಬೇಜಾರಾಯಿತು ಅಂತ ಮೂರು ಪುಟ. ಓದುವವರಿಗೆ ಅರ್ಥ ಆಗುತ್ತೋ ಇಲ್ವೋ ಅನ್ನೋ ಅನುಮಾನ ಅವರಿಗೆ ಹತ್ತಿಕೊಂಡಿತ್ತೇನೋ. ಕೊನೇ ಅಧ್ಯಾಯ ಓದಿ ಕಪಾಟಿಗೆ ಸೇರಿಸಿದೆ.

ಕಲ್ಯಾಣ್:
130 ಪುಟ ಜಾಸ್ತಿನೇ ಆಯ್ತು. ನಾನು ಐವತ್ತಕ್ಕೇ ಬಿಡುತ್ತೇನೆ.

ಘಾಟ್‌ಕೋಪರ್:
ನನ್ನ ಕತೆ ಸ್ವಲ್ಪ ಉಲ್ಟಾ. ಯಶವಂತ ಚಿತ್ತಾಲರು ತಮ್ಮ ಹುಟ್ಟೂರು ಹನೇಹಳ್ಳಿ ಬಗ್ಗೆ ಬರೆದ ಕತೆಗಳ ಗುಂಗಿನಲ್ಲಿ ಅವರ ಕಾದಂಬರಿ 'ಶಿಕಾರಿ' ಹಿಡಿದೆ, ಆಗ ನನಗೆ ಇಪ್ಪತ್ತೆರಡು. ನೋಡಿದರೆ ನಮ್ಮದೇ ಮುಂಬೈ, ಕಂಪನಿಯೊಳಗಿನ ರಾಜಕೀಯ, ಸಸ್ಪೆಂಡ್ ಆಗಿರುವ ನಾಗಪ್ಪ. ಊರಿನ ಸಮುದ್ರ ಬೇಕಿದ್ದವನಿಗೆ ಇದೆಂಥದು ಅನಿಸಿ ಅರ್ಧಕ್ಕೇ ಬಿಟ್ಟೆ. ನಲವತ್ತೈದರಲ್ಲಿ ನನ್ನ ಮೇಲೂ ಆಫೀಸಿನಲ್ಲಿ ವಿಚಾರಣೆ ಕೂತಿತು. ಸುಮ್ನೆ ತೆಗೆದವನು ಮೂರು ರಾತ್ರಿಯಲ್ಲಿ ಮುಗಿಸಿದೆ. ನಾಗಪ್ಪನ ಅನುಮಾನಗಳೆಲ್ಲ ನನ್ನವೇ ಆಗಿದ್ದವು. 1979ರ ಪುಸ್ತಕ ಸ್ವಾಮಿ ಅದು! ಎಲ್ಲಾ ಪುಸ್ತಕಕ್ಕೂ ಹೀಗಾಗುತ್ತೆ ಅನ್ನೋಲ್ಲ, ಮುಲುಂಡ್‌ನವರ ಅಜ್ಜಿ ಸುಧಾರಿಸೋದು ಅನುಮಾನ. ಆದರೂ ಬಿಡೋದಾದರೆ ಬಿಡಿ, ರದ್ದಿಯವನಿಗೆ ಹಾಕಬೇಡಿ.

ವಡಾಲ:
ಎದುರು ಸಿಕ್ಕರೆ ಸುಳ್ಳು ಹೇಳಬೇಡಿ, ನಾನು ಅನುಭವಿಸಿದ್ದೇನೆ. "ತುಂಬಾ ಚೆನ್ನಾಗಿದೆ ಸಾರ್" ಅಂದೆ. ಅವರು ಖುಷಿಯಾಗಿ "ಯಾವ ಭಾಗ?" ಅಂದರು. ಕೈಯಲ್ಲಿ ಕಾಫಿ ಲೋಟ, ಬಾಯಲ್ಲಿ ಬಿಸ್ಕತ್ತು. ಅಗಿಯುತ್ತಾ ಎಷ್ಟು ಹೊತ್ತು ಕಳೆಯಬಹುದು ಹೇಳಿ? ನಿಮಗಿಷ್ಟವಾದ ಹಳೇ ಪುಸ್ತಕ ಒಯ್ದು ಸಹಿ ಹಾಕಿಸಿಕೊಳ್ಳಿ. ಅದರ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು.

ಡೊಂಬಿವಲಿ:
ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿ ವಿಷಯ ಓದಿ ನನ್ನ ಪುಸ್ತಕ ತೆಗೆದು ನೋಡಿದೆ. 118ನೇ ಪುಟದಲ್ಲಿ ಸೋದರಮಾವ ಅಳುತ್ತಾನೆ, 121ರ ತನಕ ಕಾರಣ. ಬಿಟ್ಟೆ. ಆದರೆ ಭಾವನಿಗೆ ಆಗಲೇ "ಭಾರಿ ಚೆನ್ನಾಗಿದೆ" ಅಂದುಬಿಟ್ಟಿದ್ದೇನೆ. ಅವರೀಗ ಓದಕ್ಕೆ ಕೇಳ್ತಿದ್ದಾರೆ.