ಕೊಂಡುಕುರಿ, ಕಾಡುಕುರಿ ಫಲಕ: ‘ವಲ್ನರಬಲ್’ಗೆ ಪದ ಬೇಕು (ತುರ್ತು)

ಅರಣ್ಯದ ಮಾಹಿತಿ ಫಲಕ, ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಎಡಕ್ಕೆ ಕೊಂಡುಕುರಿ, ಬಲಕ್ಕೆ ಕಾಡುಕುರಿ. ಜೀವಿಗಳ ಅಳಿವಿನ ಅಪಾಯವನ್ನು ದರ್ಜೆಗಳಲ್ಲಿ ಹೇಳುವ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪುಪಟ್ಟಿಯಲ್ಲಿ ಮೊದಲನೆಯದು ವಲ್ನರಬಲ್, ಎರಡನೆಯದು ಲೀಸ್ಟ್ ಕನ್ಸರ್ನ್. ಕರಡಿನಲ್ಲಿ ‘ದುರ್ಬಲ’, ‘ಕನಿಷ್ಠ ಕಾಳಜಿ’ ಎಂದಿದೆ. ಒಂದೊಂದಕ್ಕೂ ಎರಡು ಪದಕ್ಕಷ್ಟೇ ಜಾಗ.

ಮರು:
‘ದುರ್ಬಲ’ ಎಂದರೆ ಬಡಕಲು ಪ್ರಾಣಿ ಅಂದುಕೊಳ್ಳುತ್ತಾರೆ. ‘ಕನಿಷ್ಠ ಕಾಳಜಿ’ ಇನ್ನೂ ಕೆಟ್ಟದ್ದು, ಯಾರೂ ತಲೆಕೆಡಿಸಿಕೊಳ್ಳಬೇಡಿ ಎಂದ ಹಾಗೆ. ‘ಅಳಿವಿನಂಚಿನ’ ಬೇಡ, ಅದು ಎಂಡೇಂಜರ್ಡ್‌ಗೆ ರೂಢಿಯಾಗಿದೆ, ಒಂದು ಮೆಟ್ಟಿಲು ಹೆಚ್ಚಿನ ಅಪಾಯ. ಕೊಂಡುಕುರಿ ಇರುವುದು ಭಾರತ, ನೇಪಾಳಗಳಲ್ಲಿ ಮಾತ್ರ. ಬೆಳೆದ ಪ್ರಾಣಿಗಳು 10,000ಕ್ಕಿಂತ ಕಡಿಮೆ, ಅವೂ ಚೂರುಚೂರು ಕಾಡುಗಳಲ್ಲಿ ಹಂಚಿಹೋಗಿ ಇಳಿಯುತ್ತಿವೆ. ‘ಅಳಿವಿಗೀಡಾಗಬಲ್ಲ’ ಎನ್ನಿ. ಇನ್ನೊಂದಕ್ಕೆ ‘ಸದ್ಯ ಅಪಾಯವಿಲ್ಲ’.

ಮರು:
> ಅಳಿವಿಗೀಡಾಗಬಲ್ಲ
ನಾಲಿಗೆ ಹೊರಳುವುದಿಲ್ಲ. ‘ಅಳಿವಳುಕಿನ’ ಸಾಕು: ಅಳಿವು, ಅಳುಕು, ಎರಡೂ ನಮ್ಮವೇ. ಹೆಸರನ್ನೂ ಸರಿಪಡಿಸಿ. ಮೂಲ ‘ಕೊಂಡ’, ಬೆಟ್ಟ. ತೆಲುಗಿನ ಕೊಂಡಗೊರ್ರೆ ನೋಡಿ. ‘ಬೆಟ್ಟಗುರಿ’ ಎಂದೇ ಬರೆಯಬೇಕು.

ಮರು:
ಬರೆಯಬೇಕಿಲ್ಲ. ಆ ಪ್ರಾಣಿಗೆ ಬೇಕಾದದ್ದು ಎಲೆಯುದುರುವ ಒಣಕಾಡು, ಎತ್ತರದ ಹುಲ್ಲು, ಹತ್ತಿರದಲ್ಲಿ ನೀರು. ಬೆಟ್ಟವೇ ಆಗಬೇಕೆಂದಿಲ್ಲ. ‘ಅಳಿವಳುಕಿನ’ ಓದಿದವರು ಪ್ರಾಣಿಯೇ ಅಂಜುಬುರುಕ ಅಂದುಕೊಂಡಾರು.

ಫಲಕದ ನಿಜವಾದ ತೊಡಕು ‘ಕುರಿ’. ಎರಡೂ ಕುರಿಯಲ್ಲ, ಒಂದಕ್ಕೊಂದು ಹತ್ತಿರದ ನಂಟೂ ಇಲ್ಲ. ಕೊಂಡುಕುರಿ ದನ, ಮೇಕೆ, ಹುಲ್ಲೆಗಳ ಕುಟುಂಬದ್ದು, ದೊಡ್ಡ ಹುಲ್ಲೆಯಾದ ನೀಲಗಾಯ್‌ಗೆ ಹತ್ತಿರ. ಕಾಡುಕುರಿ ಜಿಂಕೆ. ಕರಡಿನಲ್ಲಿ ‘ಇವುಗಳ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ’ ಎಂದಿದ್ದರೆ ತೆಗೆಯಿರಿ: ಉದುರುವುದು ಕಾಡುಕುರಿಯದು ಮಾತ್ರ. ಕೊಂಡುಕುರಿಯ ಕೊಂಬು ಸಾಯುವವರೆಗೂ ಇರುತ್ತದೆ. ಕೊಂಡುಕುರಿಗೆ ‘ನಾಲ್ಕು ಕೊಂಬಿನ ಹುಲ್ಲೆ’ ಎಂದು ದೊಡ್ಡಕ್ಷರದಲ್ಲಿ ಹಾಕುವ ಮುನ್ನವೂ ಯೋಚಿಸಿ. ದಕ್ಷಿಣದ ಎಷ್ಟೋ ಗಂಡುಗಳಲ್ಲಿ ಮುಂದಿನ ಜೋಡಿ ಬರೀ ಗುಬುಟು, ಹೆಣ್ಣಿಗೆ ಒಂದೂ ಇಲ್ಲ. ನೋಡುಗರು ಎರಡೇ ಎಣಿಸಿ ಫಲಕ ಸುಳ್ಳು ಅನ್ನುತ್ತಾರೆ. ಕಾಡುಕುರಿಗೆ ಹಣೆಯ ಮೇಲಿನ ಕಪ್ಪು ವಿ ಗೆರೆ, ಗಂಡಿನ ಕೋರೆಹಲ್ಲು ತೋರಿಸಿ.

ಮರು:
‘ಹುಲ್ಲೆ’ ಸರಿ. ಹಾಗಾದರೆ ‘ನೀಲಗಾಯ್’ ಯಾಕೆ? ಹಿಂದಿ ಬಂದರೆ ಸುಮ್ಮನೆ, ಕನ್ನಡ ಕಟ್ಟಿದರೆ ತಕರಾರು. ನಾಳೆ ಕೊಂಡುಕುರಿಗೆ ಹಿಂದಿಯ ‘ಚೌಸಿಂಗ’ ಎಂದೂ ಬರೆಯುತ್ತೀರಿ.

ಮರು:
ಚೌಸಿಂಗ ಎಂದರೆ ಇಲ್ಲಿಯ ಕಾವಲುಗಾರರಿಗೇ ತಿಳಿಯದು, ಅದಕ್ಕೇ ಬೇಡ. ನೀಲಗಾಯ್ ರೂಢಿಯಲ್ಲಿದೆ. ಬಳಕೆಯೇ ಅಳತೆ, ಹುಟ್ಟಿದ ಊರಲ್ಲ.

ಮರು:
‘ಅಳಿವಿಗೀಡಾಗಬಲ್ಲ’ ಹಾಕಿದ್ದೇನೆ. ಕಾಡುಕುರಿ ಕೆಳಗೆ ‘ಸದ್ಯ ಅಪಾಯವಿಲ್ಲ’ ಕಂಡರೆ ಬೇಟೆಗೆ ಅಡ್ಡಿಯಿಲ್ಲ ಅಂದುಕೊಂಡಾರೆಂದು ಇಲಾಖೆಯವರ ಆತಂಕ. ‘ಬೇಟೆ ಅಪರಾಧ’ ಎಂದು ಕೆಳಗೆ ಸಣ್ಣಕ್ಷರದ ಸಾಲು ಸೇರಿಸಲಾಗಿದೆ.