ಒಲೆ ಎರಡಾದರೆ ಹಿಸ್ಸೆಯಾದ ಹಾಗೆಯೇ?

ಹಿರಿಸೊಸೆ, ಸಿದ್ದಾಪುರ:
ನಮ್ಮದು ಹನ್ನೊಂದು ಜನರ ಮನೆ. ಅತ್ತೆ, ಮೂವರು ಗಂಡುಮಕ್ಕಳು, ನಾವು ಮೂವರು ಸೊಸೆಯಂದಿರು, ನಾಲ್ಕು ಮಕ್ಕಳು. ಬೆಳಗ್ಗೆ ತೆಳ್ಳೇವು (ತೆಳು ದೋಸೆ) ಎರೆಯಲು ನಿಂತರೆ ಐವತ್ತಾಗುವವರೆಗೆ ಕಾವಲಿ ಬಿಡುವಂತಿಲ್ಲ. ಕೊನೆಯ ಎರಡು ನನ್ನವು. ಕಿರಿಯ ಓರಗಿತ್ತಿಗೆ ಎಂಟರ ಬಸ್ಸು. ಅವಳ ಡಬ್ಬಿ, ಅತ್ತೆಯ ಸಕ್ಕರೆ ಕಾಯಿಲೆಯ ಪಥ್ಯ, ಶಾಲೆಗೆ ಹೋಗುವವರ ತಿಂಡಿ ಎಲ್ಲವೂ ಏಳೂವರೆಯೊಳಗೆ ಆಗಬೇಕು. ಜಗಳವಿಲ್ಲ, ಸುಸ್ತು ಅಷ್ಟೇ. ಅಡುಗೆ ಮಾತ್ರ ಬೇರೆ ಮಾಡಿಕೊಳ್ಳೋಣ, ಮೂರು ಎಕರೆ ತೋಟ ಒಟ್ಟಿಗೇ ಇರಲಿ ಎಂದೆ. ಅತ್ತೆ ಊಟ ಬಿಟ್ಟು ಎದ್ದರು. “ಒಲೆ ಎರಡಾದ ದಿನವೇ ಹಿಸ್ಸೆ ಆದ ಹಾಗೆ” ಎನ್ನುತ್ತಾರೆ. ಕಾನೂನಿನಲ್ಲೂ ಹಾಗೆಯೇ ಇದೆಯೇ? ಮಾವ 1998ರಲ್ಲಿ ತೀರಿಕೊಂಡರು. ಪಹಣಿಯಲ್ಲಿ ಇನ್ನೂ ಅವರದೇ ಹೆಸರು. ಗಂಡನ ಅಕ್ಕನಿಗೆ 1991ರಲ್ಲೇ ಮದುವೆಯಾಗಿದೆ, ಹಾಗಾಗಿ ಅವರ ಪಾಲಿನ ಪ್ರಶ್ನೆ ಬರುವುದಿಲ್ಲ ಎಂದುಕೊಂಡಿದ್ದೇನೆ.

ದಸ್ತಾವೇಜು ಬರೆಯುವವ, ಶಿರಸಿ:
ತಂಗಿ, ಬೇರೆ ಬೇಯಿಸಿ ಉಂಡ ಮಾತ್ರಕ್ಕೆ ಅವಿಭಕ್ತ ಕುಟುಂಬ ವಿಭಕ್ತವಾಗುವುದಿಲ್ಲ. ಆಸ್ತಿ ಪಾಲು ಮಾಡಿಕೊಳ್ಳುವ ಉದ್ದೇಶ ಇತ್ತೇ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಅತ್ತೆಗೆ ಧೈರ್ಯ ಹೇಳಿ.

ಗಂಡನ ಅಕ್ಕನ ವಿಷಯದಲ್ಲಿ ಮಾತ್ರ ಲೆಕ್ಕ ತಪ್ಪಿದ್ದೀರಿ. ನೀವು ಹೇಳುತ್ತಿರುವುದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ಜಾರಿಯಾದ ಕರ್ನಾಟಕದ ತಿದ್ದುಪಡಿ; ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಅದರಲ್ಲಿ ಹೊರಗಿಟ್ಟಿದ್ದರು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. ‘ಆಗಲೇ ಬಾಯಿಮಾತಿನಲ್ಲಿ ಹಂಚಿಕೊಂಡಿದ್ದೆವು’ ಎಂಬುದೂ ಸುಲಭವಾಗಿ ನಡೆಯುವುದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪಾಲುಪತ್ರವೋ ನ್ಯಾಯಾಲಯದ ಡಿಕ್ರಿಯೋ ಇದ್ದರೆ ಮಾತು ಬೇರೆ. ತೋಟ ಪಿತ್ರಾರ್ಜಿತವಾಗಿದ್ದರೆ ಅವರಿಗೂ ತಮ್ಮಂದಿರಷ್ಟೇ ಪಾಲು. ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿ, ಅವರ ಹೆಸರನ್ನೂ ಸೇರಿಸಿ.

ತೋಟದ ಮನೆ, ಸಾಗರ:
ನಮ್ಮಲ್ಲಿ ಒಲೆ ಬೇರೆಯಾಗಿ ಆರು ವರ್ಷವಾಯಿತು. ಜಗಲಿಯ ಪಕ್ಕದ ಕೋಣೆಯಲ್ಲಿ ನನ್ನ ಗ್ಯಾಸ್. ಮೊದಲ ವಾರ ಅತ್ತೆ ಆ ಕಡೆ ತಲೆ ಹಾಕಲಿಲ್ಲ. ಎರಡನೆಯ ವಾರ ತಂಬುಳಿಯ ಬಟ್ಟಲು ಹಿಡಿದು ಬಂದು “ಉಪ್ಪು ಸರಿ ಇದೆಯಾ ನೋಡು” ಎಂದರು. ಅಡಿಕೆ ಸುಲಿಯುವ ದಿನಗಳಲ್ಲಿ, ಶ್ರಾದ್ಧಕ್ಕೆ, ಹಬ್ಬಕ್ಕೆ ಈಗಲೂ ದೊಡ್ಡ ಒಲೆಯೇ. ತೋಟ ಒಡೆಯದೆ ಉಳಿದದ್ದು ಪ್ರೀತಿಯಿಂದ ಎಂದು ಬರೆದರೆ ಸುಳ್ಳಾಗುತ್ತದೆ. ಅಡಿಕೆ ಬೇಯಿಸುವ ಹಂಡೆ ಒಂದು, ಒಣಗಿಸುವ ಅಂಗಳ ಒಂದು, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬರುವುದು ಅವನಿಗೆ ಪುರುಸೊತ್ತಾದ ದಿನ. ಹಂಚಿಕೊಂಡು ಮಾಡುವುದೇನು? ಆದರೆ ಹಾಲಿನ ಲೆಕ್ಕವನ್ನು ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಮನಸ್ತಾಪ ಬಂದದ್ದು ಒಲೆಯಿಂದಲ್ಲ, ಒಂದು ಎಮ್ಮೆಯಿಂದ.

ಊರು ಬಿಟ್ಟವನು, ಬೆಂಗಳೂರು:
ಹನ್ನೊಂದರಲ್ಲಿ ಮೂವರು ಗಂಡಸರೂ ಇದ್ದಾರಲ್ಲ. ಸೌಟು ಅವರ ಕೈಗೆ ಕೊಟ್ಟು ನೋಡಿದ್ದೀರಾ?

ಹಿರಿಸೊಸೆ, ಸಿದ್ದಾಪುರ:
ಕೊಟ್ಟು ನೋಡಿದೆ. ಮೈದುನ ಎರೆದ ಮೊದಲ ಮೂರು ತೆಳ್ಳೇವು ನಾಯಿಗೆ ಹೋದವು, ನಾಲ್ಕನೆಯದನ್ನು ಅತ್ತೆ ತಿಂದರು, ಏನೂ ಹೇಳಲಿಲ್ಲ.

ನಿನ್ನೆ ಅತ್ತಿಗೆಗೆ ಫೋನ್ ಮಾಡಿ ಪಾಲಿನ ವಿಷಯ ಇದ್ದದ್ದು ಇದ್ದ ಹಾಗೆ ತಿಳಿಸಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಒಲೆಯ ವಿಷಯ ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ. ಖಾತೆಯ ವಿಷಯ ತಮ್ಮನೇ ನನ್ನ ಹತ್ತಿರ ಮಾತಾಡಲಿ” ಎಂದರು. ನಮ್ಮ ಮನೆಯವರಿಗೆ ಇದನ್ನು ಇನ್ನೂ ಹೇಳಿಲ್ಲ.