ಪದಚರ್ಚೆ: ‘ನಿರೋಧಕತೆ’ ಯಾರದ್ದು, ಮೈಯದ್ದೋ ಬ್ಯಾಕ್ಟೀರಿಯಾದ್ದೋ?

ಗೆಳೆಯರೇ,

ಆಂಟಿಬಯಾಟಿಕ್ ರೆಸಿಸ್ಟೆನ್ಸ್ (ಮದ್ದು ಕೊಟ್ಟರೂ ಬ್ಯಾಕ್ಟೀರಿಯಾ ಸಾಯದಿರುವುದು) ಬಗ್ಗೆ ಬರೆಯುತ್ತಾ ಒಂದು ಪದದ ಹತ್ತಿರ ಸಿಕ್ಕಿಬಿದ್ದಿದ್ದೇನೆ. ‘ಪ್ರತಿಜೈವಿಕ ನಿರೋಧಕತೆ’ ಅಂತ ಹಾಕಿದ್ದೆ. ಓದಿದವರೊಬ್ಬರು, ‘ನಿರೋಧಕ ಶಕ್ತಿ ಜಾಸ್ತಿ ಆದ್ರೆ ಒಳ್ಳೇದೇ ಅಲ್ವಾ?’ ಅಂದರು. ಅವರ ತಪ್ಪೇನಿಲ್ಲ. ‘ರೋಗನಿರೋಧಕ ಶಕ್ತಿ’ ಎಲ್ಲರ ಬಾಯಲ್ಲೂ ಇರುವ ಮಾತು. ಅಲ್ಲಿ ತಡೆಯುವುದು ನಮ್ಮ ಮೈ, ಇಲ್ಲಿ ಬ್ಯಾಕ್ಟೀರಿಯಾ.

ಅದಿರಲಿ, ಬ್ಯಾಕ್ಟೀರಿಯಾ ನಿಜಕ್ಕೂ ‘ತಡೆಯುತ್ತದೆಯೇ’? ಪೆನಿಸಿಲಿನ್ನನ್ನೇ ನೋಡಿ. ಅದರೊಳಗೆ ನಾಲ್ಕೇ ಪರಮಾಣುಗಳ ಒಂದು ಬಳೆ ಇದೆ, ಬೀಟಾ-ಲ್ಯಾಕ್ಟಮ್ ಅಂತ. (‘ಉಂಗುರ’ ಅಂತಲೂ ಬರೆಯುತ್ತಾರೆ. ಆಕಾರ ನೋಡಿದರೆ ಚೌಕ, ಇರಲಿ.) ಬಗ್ಗಿಸಿ ಕಟ್ಟಿದ ಬಳೆಯಾದ್ದರಿಂದ ಸದಾ ಬಿಗಿ. ಆ ಬಿಗಿಯೇ ಮದ್ದಿನ ಬಲ. ಬ್ಯಾಕ್ಟೀರಿಯಾದ ಗೋಡೆ ಹೆಣೆಯುವ ಪ್ರೋಟೀನಿಗೆ ಅದು ಅಂಟಿಕೊಂಡರೆ ಹೆಣಿಗೆ ನಿಲ್ಲುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾ ತಯಾರಿಸುವ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ (ಎನ್ಜೈಮ್) ಅದಕ್ಕೂ ಮೊದಲೇ ನೀರಿನ ಒಂದು ಅಣು ಸೇರಿಸಿ ಬಳೆ ಬಿಚ್ಚಿಬಿಡುತ್ತದೆ. ಮದ್ದು ಕೆಟ್ಟಿತು. ಕಿಣ್ವಕ್ಕೆ ಏನೂ ಆಗಿರುವುದಿಲ್ಲ, ಮುಂದಿನ ಅಣುವಿಗೆ ಕೈ ಹಾಕುತ್ತದೆ. ಪೆನಿಸಿಲಿನ್ ಕೆಡಿಸುವ ಇಂಥ ಕಿಣ್ವವನ್ನು ವಿಜ್ಞಾನಿಗಳಾದ ಏಬ್ರಹಾಂ ಮತ್ತು ಚೈನ್ 1940ರಲ್ಲೇ ವರದಿ ಮಾಡಿದ್ದರು. ಪೆನಿಸಿಲಿನ್ ಆಗಿನ್ನೂ ಬಳಕೆಗೇ ಬಂದಿರಲಿಲ್ಲ!

ಇದು ತಡೆಯಲ್ಲ, ಮುರಿತ. ‘ನಂಜು ಮುರಿಯುವ ಮದ್ದು’ ಅನ್ನುತ್ತೇವಲ್ಲ, ಇಲ್ಲಿ ಅದು ತಿರುವುಮುರುವು. ಬ್ಯಾಕ್ಟೀರಿಯಾದ ಪಾಲಿಗೆ ಮದ್ದೇ ನಂಜು, ಮುರಿಯುವುದು ಕಿಣ್ವ. ಹಾಗಾಗಿ ‘ಮನೆಮುರುಕ’ ಇದ್ದ ಹಾಗೆ ‘ಮದ್ದುಮುರುಕ ಕಿಣ್ವ’ ಅಂದರೆ ಹೇಗೆ? ನನಗಂತೂ ಹಿಡಿಸಿದೆ.

ಆದರೆ ಎಲ್ಲ ಕಿಣ್ವಗಳೂ ಮುರುಕರಲ್ಲ. ಇನ್ನೊಂದು ಆಂಟಿಬಯಾಟಿಕ್ ಆದ ಸ್ಟ್ರೆಪ್ಟೊಮೈಸಿನ್‌ಗೆ ಎದುರಾಗುವ ಕೆಲವು ಕಿಣ್ವಗಳು ಅದರ ಮೈಗೆ ಫಾಸ್ಫೇಟಿನಂಥ ತುಣುಕೊಂದನ್ನು ಅಂಟಿಸುತ್ತವೆ. ಆಮೇಲೆ ಮದ್ದು ಬ್ಯಾಕ್ಟೀರಿಯಾದ ರೈಬೋಸೋಮಿನಲ್ಲಿ (ಪ್ರೋಟೀನ್ ಕಟ್ಟುವ ಜಾಗ) ಸರಿಯಾಗಿ ಕೂರುವುದಿಲ್ಲ. ಎರಿತ್ರೊಮೈಸಿನ್ ಎಂಬ ಮತ್ತೊಂದು ಮದ್ದಿನ ವಿಷಯದಲ್ಲಿ ಇನ್ನೂ ಮಜಾ. ಅಲ್ಲಿ ಒಂದು ಬಗೆಯ ಕಿಣ್ವ ಮದ್ದನ್ನು ಮುಟ್ಟುವುದೇ ಇಲ್ಲ, ಬ್ಯಾಕ್ಟೀರಿಯಾದ್ದೇ ರೈಬೋಸೋಮಿಗೆ ಮೀಥೈಲ್ ಗುಂಪು ಎಂಬ ಪುಟ್ಟ ತುಣುಕು ಸೇರಿಸಿ ಮದ್ದು ಕೂರುವ ಜಾಗವನ್ನೇ ಕೆಡಿಸುತ್ತದೆ. ಇವನ್ನು ಮದ್ದುಮುರುಕ ಅನ್ನಲಾಗದು.

ಎಲ್ಲಕ್ಕೂ ಸೇರಿಸಿ ‘ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ’ ಅಂತ ಬರೆದರೆ ಯಾರಿಗೂ ಗೊಂದಲವಿಲ್ಲ. ಗುಣವನ್ನು ಹೆಸರಿಸಬೇಕಾದಾಗ ಮಾತ್ರ ಕಷ್ಟ. ‘ಜಗ್ಗದಿರುವಿಕೆ’ ಉದ್ದವಾಯಿತು, ‘ಜಗ್ಗದಿಕೆ’ ಅಂತ ಸುಮ್ನೆ ಹೊಸೆದರೆ ಕಿವಿಗೆ ಒಗ್ಗುವುದಿಲ್ಲ. ನೀವು ಏನಂತ ಬರೆಯುತ್ತೀರಿ?